ಚಾರ್ಜ್ ಪಟ್ಟಿಯಲ್ಲಿ ಇಲ್ಲದ್ದು: ಹಾಸನದ ಹಳೇ ಗುಡಿಗಳನ್ನು ನೋಡಿಕೊಳ್ಳುವ ಬಗೆ

ನಿವೃತ್ತಿಗೆ ಇನ್ನು ಮೂರು ತಿಂಗಳಿದೆ. ನನ್ನ ಜಾಗಕ್ಕೆ ಬರುವವರಿಗೆ ಒಪ್ಪಿಸಬೇಕಾದ ಸಾಮಾನಿನ ಚಾರ್ಜ್ ಪಟ್ಟಿ ಬರೆಯುತ್ತಾ ಕೂತಿದ್ದೆ. ಏಣಿ ಎರಡು, ಅದರಲ್ಲಿ ಒಂದರ ಮೆಟ್ಟಿಲು ಮುರಿದಿದೆ. ಟೇಪು ಒಂದು. ಕಬ್ಬಿಣದ ಬೀರು ಒಂದು, ಬೀಗದ ಕೈ ಸಹಿತ. ಪ್ಲಾಸ್ಟಿಕ್ ಬಕೆಟ್ ನಾಲ್ಕು. ಇಪ್ಪತ್ತೇಳು ವರ್ಷದ ಕೆಲಸ ಎರಡು ಹಾಳೆಯಲ್ಲಿ ಮುಗಿದುಹೋಯಿತು. ಬಕೆಟ್ಟನ್ನು ಯಾರು ಬೇಕಾದರೂ ಎಣಿಸಬಹುದು. ಯಾವ ಗುಡಿಯ ಯಾವ ಸಂದಿನಲ್ಲಿ ಪ್ರತಿ ವರ್ಷ ಅರಳಿ ಸಸಿ ಹುಟ್ಟುತ್ತದೆ ಎಂದು ಬರೆಯಲು ಆ ಪಟ್ಟಿಯಲ್ಲಿ ಕಾಲಂ ಇಲ್ಲ. ಅದಕ್ಕೇ ಇದನ್ನು ಬೇರೆ ಬರೆಯುತ್ತಿದ್ದೇನೆ.

ಪುರಾತತ್ವ ಇಲಾಖೆಯ ಈ ಕೆಲಸಕ್ಕೆ ಬರುವುದು ಹೇಗೆ ಎಂದು ಕಾಲೇಜು ಹುಡುಗರು ಕೇಳುತ್ತಿರುತ್ತಾರೆ. ಅವರಿಗೆ ಉತ್ತರ ಚಿಕ್ಕದು. ಇತಿಹಾಸದಲ್ಲೋ ಪುರಾತತ್ವದಲ್ಲೋ ಎಂ.ಎ. ಮಾಡಿಕೊಳ್ಳಿ. ಕೇಂದ್ರ ಸರ್ಕಾರದ ಪುರಾತತ್ವ ಸರ್ವೇಕ್ಷಣಾ ಇಲಾಖೆಯದೇ ಒಂದು ಸಂಸ್ಥೆ ಗ್ರೇಟರ್ ನೋಯ್ಡಾದಲ್ಲಿದೆ, ಅಲ್ಲಿ ಎರಡು ವರ್ಷದ ಡಿಪ್ಲೊಮಾ ಇದೆ. ರಾಜ್ಯಕ್ಕೆ ಬೇರೆ ಇಲಾಖೆ ಇದೆ, ಅದು ಮೈಸೂರು ಸಂಸ್ಥಾನದ ಕಾಲದಲ್ಲಿ, 1885ರಲ್ಲಿ ಶುರುವಾದದ್ದು. ಎರಡಕ್ಕೂ ಪರೀಕ್ಷೆ, ಕಾಯುವಿಕೆ ಎಲ್ಲ ಇದ್ದದ್ದೇ. ಸಿನಿಮಾದಲ್ಲಿ ತೋರಿಸುವ ಹಾಗೆ ಟೋಪಿ ಹಾಕಿಕೊಂಡು ಬ್ರಶ್ಶಿನಲ್ಲಿ ಚಿನ್ನದ ಮಡಕೆ ತೆಗೆಯುವ ಕೆಲಸ ಇದಲ್ಲ. ನಾನು ಇಷ್ಟು ವರ್ಷದಲ್ಲಿ ಮಣ್ಣು ಅಗೆದದ್ದಕ್ಕಿಂತ ಚರಂಡಿ ಕೆದಕಿಸಿದ್ದೇ ಜಾಸ್ತಿ.

ಮೊದಲ ವಾರ: ಗಡಿ ಕಲ್ಲು ಹುಡುಕಿ

ಹೊಸದಾಗಿ ಬಂದವರು ಮೊದಲ ದಿನ ನೇರ ಗುಡಿಯ ಮುಂದೆ ನಿಂತು ಶಿಲ್ಪ ನೋಡುತ್ತಾರೆ. ನೋಡಿ, ಬೇಡ ಅನ್ನುವುದಿಲ್ಲ. ಆದರೆ ಮಾರನೇ ದಿನ ಗುಡಿಗೆ ಬೆನ್ನು ಮಾಡಿ ನಿಲ್ಲಬೇಕು. ನಿಮ್ಮ ಜಾಗ ಎಲ್ಲಿಗೆ ಮುಗಿಯುತ್ತದೆ?

ಕಚೇರಿಯ ಬೀರುವಿನಲ್ಲಿ ಆ ಸ್ಮಾರಕದ ಅಧಿಸೂಚನೆ ಇರುತ್ತದೆ. ಸರ್ವೆ ನಂಬರು, ಎಷ್ಟು ಗುಂಟೆ, ನಾಲ್ಕು ದಿಕ್ಕಿಗೆ ಏನಿದೆ ಎಂದು ಬರೆದಿರುತ್ತದೆ. ಅದರ ಜೆರಾಕ್ಸ್, ಗ್ರಾಮ ನಕ್ಷೆ, ಪಹಣಿ, ಈ ಮೂರನ್ನು ಕೈಯಲ್ಲಿ ಹಿಡಿದು ಸರ್ವೆಯರ್ ಜೊತೆ ಒಂದು ಸುತ್ತು ಹಾಕಿ. ಹಳೇ ಅಧಿಸೂಚನೆಯಲ್ಲಿ ‘ಪೂರ್ವಕ್ಕೆ ಹುಣಸೆ ಮರ’ ಎಂದು ಇರಬಹುದು. ಮರ ಎಂದೋ ಹೋಗಿರುತ್ತದೆ. ಆಗ ಊರಿನ ಹಿರಿಯರನ್ನು ಕೇಳಬೇಕು. ‘ಯಜಮಾನ್ರೆ, ಇಲ್ಲಿ ಹುಣಸೆ ಮರ ಎಲ್ಲಿತ್ತು?’ ಎಂದರೆ ಸಾಕು, ಮರದ ಜೊತೆ ಅದರ ಕೆಳಗೆ ನಡೆದ ಪಂಚಾಯಿತಿಗಳ ಕಥೆಯೂ ಬರುತ್ತದೆ. ಕೂತು ಕೇಳಿ.

ನನಗೆ ಒಂದು ಊರಿನಲ್ಲಿ ಆರು ಗಡಿ ಕಲ್ಲಲ್ಲಿ ಐದೇ ಸಿಕ್ಕಿದ್ದವು. ಆರನೆಯದಕ್ಕೆ ಎರಡು ದಿನ ಲಂಟಾನ ಕಡಿಸಿದೆ. ಮೂರನೇ ದಿನ ಪಕ್ಕದ ಮನೆಯಲ್ಲಿ ಕಾಫಿಗೆ ಕರೆದರು. ಹಿತ್ತಲಲ್ಲಿ ಅವರ ಸೊಸೆ ಬಟ್ಟೆ ಒಗೆಯುತ್ತಿದ್ದ ಕಲ್ಲಿನ ಮೇಲೆ ಗಡಿ ಕಲ್ಲಿಗೆ ಹಾಕುವ ಬಾಣದ ಗುರುತು ಕಾಣಿಸಿತು. ಅತ್ತೆ ನಕ್ಕು, ‘ತಗೊಂಡ್ಹೋಗಿ ಮೇಡಂ, ಬೇರೆ ಕಲ್ಲು ಹಾಕ್ಕೋತೀವಿ’ ಅಂದರು. ತೆಗೆದುಕೊಂಡು ಹೋಗಲಿಲ್ಲ. ಯಾಕೆಂದರೆ ಗಡಿ ಕಲ್ಲಿಗೆ ಬೆಲೆ ಇರುವುದು ಅದು ನೆಟ್ಟ ಜಾಗದಿಂದ. ಸರ್ವೆಯರ್ ಮತ್ತೆ ಅಳೆದು, ಅಕ್ಕಪಕ್ಕದವರನ್ನು ನಿಲ್ಲಿಸಿ, ಮಹಜರು ಬರೆಸಿ, ಅವರ ಎದುರಿಗೇ ನೆಡಿಸಿದೆ. ಅವತ್ತು ಸಹಿ ಹಾಕಿದ ಮನೆಯವರೇ ಆಮೇಲೆ ಆ ಮೂಲೆಯ ಕಾವಲುಗಾರರಾದರು.

ಗಡಿಯ ವಿಷಯ ಇಷ್ಟು ಎಳೆಯುವುದಕ್ಕೆ ಕಾರಣ ಇದೆ. ಕೇಂದ್ರದ ಸಂರಕ್ಷಿತ ಸ್ಮಾರಕವಾದರೆ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆ ಮತ್ತೆ 200 ಮೀಟರ್ ನಿಯಂತ್ರಿತ ಪ್ರದೇಶ. ಈ ಅಳತೆ ಶುರುವಾಗುವುದು ಗುಡಿಯ ಗೋಡೆಯಿಂದ ಅಲ್ಲ, ಸಂರಕ್ಷಿತ ಜಾಗದ ಗಡಿಯಿಂದ. ಒಂದು ಕಲ್ಲು ಹತ್ತು ಅಡಿ ಆಚೀಚೆ ಆದರೆ ಯಾರದೋ ಮನೆ ನಿಷೇಧದ ಒಳಗೆ ಬರುತ್ತದೆ, ಇಲ್ಲ ಹೊರಗೆ ಹೋಗುತ್ತದೆ.

ಏಪ್ರಿಲ್‌ನಲ್ಲಿ ಮೇಲೆ ಹತ್ತಿ

ಗುಡಿಗೆ ಕೆಡುಕು ಎಲ್ಲಿಂದ ಬರುತ್ತದೆ ಎಂದು ಕೇಳಿದರೆ ಜನ ದೆಹಲಿ ಸುಲ್ತಾನನ ದಂಡನಾಯಕ ಮಲಿಕ್ ಕಾಫರ್ ಹೆಸರು ಹೇಳುತ್ತಾರೆ. ಅವನು 1311ರಲ್ಲಿ ದೋರಸಮುದ್ರಕ್ಕೆ, ಅಂದರೆ ಈಗಿನ ಹಳೇಬೀಡಿಗೆ, ಬಂದು ಹೋದ. ಮಳೆ ಪ್ರತಿ ವರ್ಷ ಬರುತ್ತದೆ. ನಿಮ್ಮ ಕೆಲಸದ ಮುಕ್ಕಾಲು ಪಾಲು ನೀರಿನ ಜೊತೆ.

ಜೂನ್ ಮಳೆ ಹಿಡಿಯುವ ಮೊದಲು, ಏಪ್ರಿಲ್ ಕೊನೆಯಲ್ಲಿ, ಪ್ರತಿ ಗುಡಿಯ ಮಾಳಿಗೆ ಮೇಲೆ ನೀವೇ ಹತ್ತಬೇಕು. ಬೇರೆಯವರನ್ನು ಹತ್ತಿಸಿ ಕೆಳಗಿನಿಂದ ‘ಏನಿದೆ?’ ಎಂದು ಕೇಳಿದರೆ ‘ಏನೂ ಇಲ್ಲ ಮೇಡಂ’ ಅನ್ನುವ ಉತ್ತರವೇ ಬರುತ್ತದೆ. ಮೇಲೆ ನೋಡಬೇಕಾದದ್ದು ನಾಲ್ಕು: ನೀರು ಹೋಗುವ ಕಂಡಿ, ಗಾರೆ ಬಿರುಕು, ಸಸಿ, ಕಸ. ಪಾರಿವಾಳದ ಹಿಕ್ಕೆ, ಎಲೆ, ಕಳೆದ ವರ್ಷದ ಹೂಳು ಸೇರಿ ಕಂಡಿ ಅರ್ಧ ಮುಚ್ಚಿರುತ್ತದೆ. ಒಂದು ಕ್ರಿಕೆಟ್ ಚೆಂಡು ಕೂಡ ಸಿಗುತ್ತದೆ, ಲೆಕ್ಕಕ್ಕೆ ತಪ್ಪದೆ. ಕಂಡಿ ಕಟ್ಟಿದರೆ ನೀರು ಮಾಳಿಗೆಯಲ್ಲಿ ನಿಂತು, ಗಾರೆ ಒಳಗೆ ಇಳಿದು, ನವರಂಗದ ಭುವನೇಶ್ವರಿಯಿಂದ, ಅಂದರೆ ನಡುಮಂಟಪದ ಕೆತ್ತಿದ ಒಳಚಾವಣಿಯಿಂದ, ತೊಟ್ಟಿಕ್ಕುತ್ತದೆ. ಹನಿ ಬಿದ್ದ ಜಾಗದ ನೇರ ಮೇಲೆಯೇ ಬಿರುಕು ಇರುತ್ತದೆ ಎಂದು ನಂಬಬೇಡಿ. ಹೊಯ್ಸಳರ ಚಾವಣಿಯಲ್ಲಿ ತೊಲೆ, ಚಪ್ಪಡಿ ಎಲ್ಲ ಒಂದರ ಮೇಲೊಂದು. ನೀರು ಕಲ್ಲಿನ ಸಂದಿನಲ್ಲಿ ಹರಿದು ಎರಡು ಅಂಕಣ (ಕಂಬಗಳ ನಡುವಿನ ಚೌಕ) ದಾಟಿ ಕೆಳಗೆ ಬರುವುದುಂಟು. ನಾನು ಮೇಲಿಂದ ಒಂದೊಂದೇ ಚೌಕಕ್ಕೆ ಮಣ್ಣಿನ ಕಟ್ಟೆ ಕಟ್ಟಿ, ಎರಡು ಬಕೆಟ್ ನೀರು ಸುರಿದು, ಕೆಳಗೆ ಒಬ್ಬರನ್ನು ನಿಲ್ಲಿಸಿ ಗಡಿಯಾರ ನೋಡುತ್ತೇನೆ. ಪೂರ್ತಿ ಒಂದು ದಿನ ಹಿಡಿಯುತ್ತದೆ. ಬೇಸರದ ಕೆಲಸ. ಬೇರೆ ದಾರಿ ನನಗೆ ಸಿಕ್ಕಿಲ್ಲ.

ಸಸಿ ವಿಷಯಕ್ಕೆ ನಮ್ಮಲ್ಲಿ ಗಾದೆ ಇದೆಯಲ್ಲ, ಉಗುರಲ್ಲಿ ಹೋಗೋದಕ್ಕೆ ಕೊಡಲಿ ಯಾಕೆ ಅಂತ. ಅರಳಿ, ಗೋಣಿ, ಅತ್ತಿ, ಮೂರೂ ಹಕ್ಕಿ ಹಿಕ್ಕೆಯಿಂದ ಬರುತ್ತವೆ. ಎರಡು ಎಲೆ ಇದ್ದಾಗ ನಿಜಕ್ಕೂ ಉಗುರಲ್ಲೇ ಬರುತ್ತದೆ. ಒಂದು ಮಳೆಗಾಲ ಬಿಟ್ಟರೆ ಬೇರು ಕಲ್ಲಿನ ಬೆನ್ನಿಗೆ ಹೋಗಿರುತ್ತದೆ. ಆಗ ಎಳೆಯಬೇಡಿ. ಎಳೆದರೆ ಬೇರಿನ ಜೊತೆ ಕಲ್ಲೂ ಬರುತ್ತದೆ. ಕಾಂಡ ಕೊಯ್ದು, ಬೇರು ಸಾಯುವ ಔಷಧಿ ಹಾಕಿಸಿ, ಅದು ಒಣಗಿದ ಮೇಲೆ ಸಂದಿಗೆ ಸುಣ್ಣದ ಗಾರೆ ತುಂಬಿಸಬೇಕು. ಔಷಧಿ ಯಾವುದು, ಎಷ್ಟು ಅನ್ನುವುದನ್ನು ಇಲಾಖೆಯ ರಸಾಯನ ವಿಭಾಗದವರು ಹೇಳಬೇಕು. ಕಳೆನಾಶಕ ಅಂಗಡಿಯವರಲ್ಲ.

ಇನ್ನೊಂದು ಮಾತು. ಗಾರೆ ಸೋರುತ್ತಿದೆ ಎಂದು ಹಳೇ ಪದರದ ಮೇಲೆ ಹೊಸ ಪದರ, ಅದರ ಮೇಲೆ ಮತ್ತೊಂದು ಹಾಕಿಸುತ್ತಾ ಹೋಗಬೇಡಿ. ಭಾರ ಕೂಡುತ್ತದೆ. ಬೇಲೂರಿನ ಚೆನ್ನಕೇಶವನ ಗರ್ಭಗುಡಿ ಮೇಲೆ ಹಿಂದೆ ಶಿಖರ ಇತ್ತು. ಅದರ ಭಾರ ಕೆಳಗಿನ ಗುಡಿಗೆ ಅಪಾಯ ಎಂದು 19ನೇ ಶತಮಾನದಲ್ಲಿ ಅದನ್ನು ಬಿಚ್ಚಿಸಿದರು. 1117ರ ಗುಡಿ ಇವತ್ತು ಬೋಳು ತಲೆಯಲ್ಲಿ ನಿಂತಿದೆ, ಆದರೆ ನಿಂತಿದೆ. ಹಳೇ ಸತ್ತ ಗಾರೆ ಎಬ್ಬಿಸಿ, ನಂತರ ಹೊಸದು ಹಾಕಬೇಕು. ಸುಣ್ಣ ಮೊದಲೇ ನೀರಲ್ಲಿ ಅರಳಿ ಕೊಳೆತಿರಬೇಕು. ಮರಳು, ಇಟ್ಟಿಗೆ ಪುಡಿ ಸೇರಿಸಿ ಗಾಣದಲ್ಲಿ ಅರೆಸಿ, ಬೆಲ್ಲದ ನೀರು, ಅಳಲೆಕಾಯಿ ನೆನೆಸಿದ ನೀರು ಬೆರೆಸುವುದು ರೂಢಿ. ಹಾಕಿದ ಮೇಲೆ ಗೋಣಿಚೀಲ ಹೊದಿಸಿ ದಿನಾ ನೀರು ಚಿಮುಕಿಸಬೇಕು. ಗುತ್ತಿಗೆದಾರರು ‘ಸ್ವಲ್ಪ ಸಿಮೆಂಟ್ ಹಾಕಿದ್ರೆ ಬೇಗ ಹಿಡಿಯುತ್ತೆ ಮೇಡಂ’ ಅನ್ನುತ್ತಾರೆ. ಹಿಡಿಯುತ್ತದೆ, ಹೌದು. ಹಿಡಿದು ಬಿಡುವುದಿಲ್ಲ, ಅದೇ ತೊಂದರೆ. ಸಿಮೆಂಟು ಕಲ್ಲಿಗಿಂತ ಗಟ್ಟಿ, ನೀರಿಗೆ ದಾರಿ ಕೊಡುವುದಿಲ್ಲ, ಅದರಲ್ಲಿರುವ ಉಪ್ಪು ಕಲ್ಲಿನೊಳಗೆ ಇಳಿಯುತ್ತದೆ. ಗೋಡೆಯ ಬುಡದಲ್ಲಿ ಬಿಳೀ ಪುಡಿ ಉದುರುತ್ತಿದ್ದರೆ ಬೆರಳಲ್ಲಿ ಒರೆಸಿ ನೋಡಿ. ಅಲ್ಲೇ ಹತ್ತಿರ ಯಾರೋ ಹಿಂದೆ ಸಿಮೆಂಟ್ ಮೆತ್ತಿದ್ದಾರಾ ಎಂದು ಹುಡುಕಿ.

ಬಿರುಕು ಕಂಡರೆ ಗಾಬರಿ ಬೇಡ. ಅದು ಹಳೇದೋ, ಇನ್ನೂ ಬೆಳೆಯುತ್ತಿದೆಯೋ ಅನ್ನುವುದಷ್ಟೇ ಮುಖ್ಯ. ಬಿರುಕಿಗೆ ಅಡ್ಡಲಾಗಿ ತೆಳು ಗಾಜಿನ ಪಟ್ಟಿ ಅಂಟಿಸಿ, ಪಕ್ಕದ ಗಾರೆಯ ಮೇಲೆ ತಾರೀಕು ಬರೆಯಿರಿ. ಗಾಜು ಒಡೆದರೆ ಗೋಡೆ ನಡೆಯುತ್ತಿದೆ ಎಂದು ಅರ್ಥ. ಆಗ ಇಂಜಿನಿಯರಿಗೆ ಫೋನ್ ಮಾಡಿ. ಒಡೆಯದಿದ್ದರೆ ಮುಂದಿನ ತಿಂಗಳು ಮತ್ತೆ ನೋಡಿ.

ಅರಸೀಕೆರೆ ಕಡೆ ಈ ಲೆಕ್ಕ ಬೇರೆ. ಅಲ್ಲಿ ಮಳೆ ಕಡಿಮೆ, ಬಿಸಿಲು, ಗಾಳಿ ಜಾಸ್ತಿ. 1220ರ ಈಶ್ವರ ದೇವಸ್ಥಾನದಲ್ಲಿ ಹಗಲಿನ ಕಾವು ಕಲ್ಲಿಗೆ ಕೈ ಇಟ್ಟರೆ ತಿಳಿಯುತ್ತದೆ. ಸಕಲೇಶಪುರ, ಮೂಡಿಗೆರೆ ಕಡೆ ಪಾಚಿಯೇ ಹಗಲು ರಾತ್ರಿ. ಒಂದೇ ಎಸ್ಟಿಮೇಟನ್ನು ಎರಡೂ ಕಡೆಗೆ ನಕಲು ಮಾಡಬೇಡಿ.

ಕಲ್ಲನ್ನು ಮುಟ್ಟುವ ಮುಂಚೆ

ನಮ್ಮ ಜಿಲ್ಲೆಯ ಹೊಯ್ಸಳ ಗುಡಿಗಳ ಕಲ್ಲು ಬಳಪದ ಕಲ್ಲು. ಗಣಿಯಿಂದ ತೆಗೆದಾಗ ಮೆತ್ತಗೆ, ಗಾಳಿಗೆ ಬಿಟ್ಟ ಮೇಲೆ ಗಟ್ಟಿಯಾಗುತ್ತದೆ. ಅದಕ್ಕೇ ಉಗುರಿನಷ್ಟು ಜಾಗದಲ್ಲಿ ಸರದ ಮಣಿ ಕೆತ್ತಲು ಆ ಶಿಲ್ಪಿಗಳಿಗೆ ಸಾಧ್ಯವಾಯಿತು. ಮಲ್ಲಿತಮ್ಮ ಎಂಬ ಶಿಲ್ಪಿ ಹಾರನಹಳ್ಳಿ, ನುಗ್ಗೇಹಳ್ಳಿಗಳಲ್ಲಿ ತನ್ನ ಹೆಸರನ್ನೂ ಕೆತ್ತಿಟ್ಟಿದ್ದಾನೆ. ಆದರೆ ಗಟ್ಟಿ ಅಂದರೆ ಗ್ರಾನೈಟ್ ಅಲ್ಲ. ಅದು ಪದರ ಪದರವಾಗಿ ಏಳುವ ಕಲ್ಲು. ಮೇಲಿನ ಸಿಪ್ಪೆ ಹೋದರೆ ಕೆತ್ತನೆಯೂ ಹೋಯಿತು.

ಇದನ್ನು ನಾನು ಪುಸ್ತಕದಲ್ಲಿ ಓದಿದ್ದೆ. ಆದರೂ ಕೆಲಸಕ್ಕೆ ಸೇರಿದ ಎರಡನೇ ವರ್ಷ ಒಂದು ತಪ್ಪು ಮಾಡಿದೆ. ಊರಿನ ಹೆಸರು ಹೇಳುವುದಿಲ್ಲ. ಯಾರೋ ದೊಡ್ಡವರು ನೋಡಲು ಬರುತ್ತಾರೆಂದು ಸುದ್ದಿ ಬಂತು. ಉತ್ತರದ ಗೋಡೆಯ ಕೆಳಗಿನ ಆನೆ ಸಾಲಿನ ಮೇಲೆ ಕಲ್ಲುಹೂವು ಹಿಡಿದು ಬೂದು ಮಚ್ಚೆ ಆಗಿತ್ತು. ರಸಾಯನ ವಿಭಾಗದವರು ಬರಲು ತಿಂಗಳು ಹಿಡಿಯುತ್ತದೆ. ನಾನು ಕೂಲಿಯವರಿಗೆ ‘ಸುಮ್ನೆ ಒಂದ್ಸಲ ಉಜ್ಜಿಬಿಡಿ’ ಅಂದೆ. ಅವರು ಅಂಗಡಿಯಿಂದ ತಂತಿ ಬ್ರಶ್ ತಂದಿದ್ದರು. ನಾನು ಚಹಾ ಕುಡಿದು ಬರುವಷ್ಟರಲ್ಲಿ ಮೂರು ಆನೆ ಆಗಿತ್ತು. ಮೂರನೇ ಆನೆಯ ಸೊಂಡಿಲಿನ ಮೇಲೆ, ಗಂಟೆಯ ಹಗ್ಗದ ಎಳೆಗಳಿದ್ದ ಜಾಗದಲ್ಲಿ, ಸಣ್ಣ ಸಣ್ಣ ಗೀರು. ಎಳೆಗಳು ಇರಲಿಲ್ಲ. ಬಂದ ದೊಡ್ಡವರು ಆ ಕಡೆ ಹೋಗಲೇ ಇಲ್ಲ, ಮುಂದಿನ ಬಾಗಿಲಲ್ಲಿ ಹಾರ ಹಾಕಿಸಿಕೊಂಡು ಹೊರಟರು.

ಹಾಗಾಗಿ ಕಲ್ಲು ತೊಳೆಯುವ ವಿಷಯದಲ್ಲಿ ನನ್ನ ಮಾತು ಖಡಾಖಂಡಿತ. ತಂತಿ ಬ್ರಶ್, ಆಸಿಡ್, ಸೋಪು ಪುಡಿ, ಜೋರು ನೀರಿನ ಪೈಪು, ಇವು ಗೇಟಿನ ಒಳಗೇ ಬರಬಾರದು. ಗುಡಿಯ ಕೆತ್ತನೆಯ ಮೇಲೆ ನಿಮಗೆ ಅನುಮತಿ ಇರುವುದು ಮೆತ್ತನೆ ಬ್ರಶ್ಶಿನಲ್ಲಿ ಧೂಳು ಕೊಡವುವುದಕ್ಕೆ, ಅಷ್ಟೇ. ಮಿಕ್ಕದ್ದು ರಸಾಯನ ವಿಭಾಗದ್ದು. ಅವರು ಒಂದು ಅಂಗೈಯಗಲ ಜಾಗದಲ್ಲಿ ಮೊದಲು ಪರೀಕ್ಷೆ ಮಾಡುತ್ತಾರೆ. ಉಪ್ಪು ತೆಗೆಯಲು ಒದ್ದೆ ಕಾಗದದ ಹಿಟ್ಟನ್ನು ಗೋಡೆಗೆ ಮೆತ್ತಿ ಒಣಗಲು ಬಿಡುತ್ತಾರೆ. ಒಣಗುತ್ತಾ ಅದು ಉಪ್ಪನ್ನು ಹೀರುತ್ತದೆ. ನಿಧಾನ. ನಿಧಾನವೇ ಇರಲಿ. ಯಾರೇ ಬರಲಿ, ಬೂದು ಮಚ್ಚೆಯನ್ನೇ ನೋಡಿಕೊಂಡು ಹೋಗಲಿ.

ಪೂಜೆ ನಡೆಯುವ ಗುಡಿ

ಪೂಜೆ ಇಲ್ಲದ ಗುಡಿ ನೋಡಿಕೊಳ್ಳುವುದು ಸುಲಭ, ಬೀಗ ಹಾಕಿದರೆ ಆಯಿತು ಎಂದು ಕೆಲವರು ಹೇಳುತ್ತಾರೆ. ನನಗೆ ಹಾಗನ್ನಿಸಿಲ್ಲ. ದಿನಾ ಬೆಳಿಗ್ಗೆ ಬಾಗಿಲು ತೆಗೆಯುವ ಅರ್ಚಕರು ಇದ್ದರೆ ಅವರೇ ನಿಮ್ಮ ಮೊದಲ ಕಣ್ಣು. ದೊಡ್ಡಗದ್ದವಳ್ಳಿಯಂಥ ಹೊಲದ ನಡುವಿನ ಗುಡಿಗಳಿಗೆ ಇನ್ನೂ ಮುಖ್ಯ.

ಆದರೆ ಜಗಳವೂ ಅವರ ಜೊತೆಯೇ. ಬೇಲೂರಿನಂಥ ಕಡೆ ಪೂಜೆ, ಹುಂಡಿ, ಉತ್ಸವ ಮುಜರಾಯಿಗೆ ಸೇರಿದ್ದು, ಕಟ್ಟಡ ಪುರಾತತ್ವಕ್ಕೆ. ಒಂದೇ ಮನೆಗೆ ಇಬ್ಬರು ಯಜಮಾನರು. ಎಣ್ಣೆ ದೀಪ ಎಲ್ಲಿ ಹಚ್ಚಬೇಕು? ಭಕ್ತರು ಕಂಬಕ್ಕೆ ಕುಂಕುಮ ಬಳಿಯುತ್ತಾರೆ, ಕರ್ಪೂರವನ್ನು ಗುಡಿ ನಿಂತ ಕಟ್ಟೆಯಾದ ಜಗತಿಯ ಮೇಲೇ ಹಚ್ಚುತ್ತಾರೆ. ಜಾತ್ರೆ ಬಂದರೆ ಶಾಮಿಯಾನಕ್ಕೆ ಮೊಳೆ, ಸೀರಿಯಲ್ ಸೆಟ್ಟಿಗೆ ತಂತಿ, ತಂತಿ ಕಟ್ಟಲು ಮದನಿಕೆ ಶಿಲ್ಪದ ಕೈ. ನಾನು ನೋಡಿದ್ದೇನೆ, ಸುಳ್ಳಲ್ಲ.

ನೋಟಿಸು ಕೊಡಬಹುದು, ಕಾನೂನು ಇದೆ. ಸಂರಕ್ಷಿತ ಸ್ಮಾರಕಕ್ಕೆ ಹಾನಿ ಮಾಡಿದರೆ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ, ಇಲ್ಲ ಎರಡೂ. ಆದರೆ ಅರ್ಚಕರಿಗೆ ನೋಟಿಸು ಕೊಟ್ಟ ಮಾರನೇ ದಿನದಿಂದ ನಿಮಗೆ ಊರಲ್ಲಿ ಯಾರೂ ಏನೂ ಹೇಳುವುದಿಲ್ಲ. ನಾನು ಮಾಡಿದ್ದು ಇಷ್ಟು. ಜಾತ್ರೆಗೆ ಒಂದು ತಿಂಗಳ ಮುಂಚೆ, ಇನ್ನೂ ಯಾರೂ ಬಿಸಿ ಆಗದಿದ್ದಾಗ, ಅರ್ಚಕರು, ಸಮಿತಿಯವರು, ಶಾಮಿಯಾನದವನು, ಲೈಟಿನವನು ಎಲ್ಲರನ್ನೂ ಗುಡಿಯ ಸುತ್ತ ಕರೆದುಕೊಂಡು ಹೋದೆ. ಕಂಬ ನೆಡುವ ಜಾಗಕ್ಕೆ ಸುಣ್ಣದ ಗುರುತು ಹಾಕಿಸಿದೆ, ಗುಡಿಯಿಂದ ದೂರ, ಮರಳು ತುಂಬಿದ ಡಬ್ಬದಲ್ಲಿ. ದೀಪಕ್ಕೆ ಹೊರಗೆ ಒಂದು ಕಬ್ಬಿಣದ ಸ್ಟ್ಯಾಂಡು. ಹಿರಿಯ ಅರ್ಚಕರು ಮೊದಲು ಒಪ್ಪಲಿಲ್ಲ. ‘ನಮ್ಮ ತಾತನ ಕಾಲದಿಂದ ಇಲ್ಲೇ ಹಚ್ತಿರೋದಮ್ಮ’ ಅಂದರು. ನಾನು ವಾದ ಮಾಡಲಿಲ್ಲ. ಅವರ ಕೈಗೆ ಬಿಳೀ ಹತ್ತಿ ಕೊಟ್ಟು, ‘ಸ್ವಾಮಿ, ಬಾಗಿಲವಾಡದ ಮೇಲಿನ ಗಜಲಕ್ಷ್ಮಿ ಮುಖ ಒಂದ್ಸಲ ಒತ್ತಿ ನೋಡಿ’ ಅಂದೆ. ಹತ್ತಿ ಕಪ್ಪಾಯಿತು. ಅವರು ಅದನ್ನೇ ನೋಡುತ್ತಾ ಸ್ವಲ್ಪ ಹೊತ್ತು ನಿಂತರು. ಆ ವರ್ಷದಿಂದ ದೀಪ ಹೊರಗೆ ಬಂತು. ಕರ್ಪೂರದ ವಿಷಯದಲ್ಲಿ ಇನ್ನೂ ಗೆದ್ದಿಲ್ಲ. ಅದು ನಿಮ್ಮ ಪಾಲಿಗೆ.

ಮನೆ ಕಟ್ಟುವವರು

ನಿಮ್ಮನ್ನು ಹುಡುಕಿಕೊಂಡು ಬರುವವರಲ್ಲಿ ಹತ್ತರಲ್ಲಿ ಎಂಟು ಜನ ಮನೆ ಕಟ್ಟುವವರೇ. 100 ಮೀಟರ್ ಒಳಗೆ ಹೊಸ ಕಟ್ಟಡ ಆಗುವುದಿಲ್ಲ. 1992ರ ಜೂನ್ 16ಕ್ಕೆ ಮುಂಚೆಯೇ ಇದ್ದ ಮನೆಯಾದರೆ ರಿಪೇರಿಗೆ ಅನುಮತಿ ಕೇಳಬಹುದು. ಅದರಾಚೆಯ 200 ಮೀಟರಿನಲ್ಲಿ ಅನುಮತಿ ಪಡೆದು ಕಟ್ಟಬಹುದು. ಅರ್ಜಿ ಸಕ್ಷಮ ಪ್ರಾಧಿಕಾರಕ್ಕೆ ಹೋಗಿ, ರಾಷ್ಟ್ರೀಯ ಸ್ಮಾರಕ ಪ್ರಾಧಿಕಾರದ ಶಿಫಾರಸು ಆಗಿ ಬರಬೇಕು. 1958ರ ಕಾಯ್ದೆಗೆ 2010ರಲ್ಲಿ ತಿದ್ದುಪಡಿ ಆದಾಗ ಇದು ಬಂತು.

ಇದನ್ನೆಲ್ಲ ಪಾಯ ತೋಡಿದ ಮೇಲೆ ಹೇಳಿದರೆ ನೀವು ವಿಲನ್. ಒಬ್ಬರು ಮಗಳ ಮದುವೆಗೆ ಮುಂಚೆ ಒಂದು ಕೋಣೆ, ಒಂದು ಬಚ್ಚಲು ಎಂದು ಸಾಲ ಮಾಡಿ ಇಟ್ಟಿಗೆ ಇಳಿಸಿದ್ದರು. ನಾನು ಹೋಗಿ ನಿಲ್ಲಿಸಿದೆ. ಅವರ ಹೆಂಡತಿ ಬೈಯಲಿಲ್ಲ, ಅತ್ತರು. ಬೈದಿದ್ದರೆ ಒಳ್ಳೆಯದಿತ್ತು. ಅವತ್ತಿನಿಂದ ಪ್ರತಿ ವರ್ಷ ಗ್ರಾಮಸಭೆಗೆ ಹೋಗುತ್ತೇನೆ. ಊರಿನ ನಕ್ಷೆಯ ಮೇಲೆ ಎರಡು ಬಣ್ಣದಲ್ಲಿ ಎರಡು ಗೆರೆ ಎಳೆದು, ಯಾವ ಸರ್ವೆ ನಂಬರು ಒಳಗೆ, ಯಾವುದು ಹೊರಗೆ ಎಂದು ಪಂಚಾಯಿತಿ ಗೋಡೆಗೆ ಅಂಟಿಸುತ್ತೇನೆ. ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗೆ (ಪಿಡಿಒ) ಒಂದು ಪ್ರತಿ, ಊರಿನ ಗಾರೆ ಮೇಸ್ತ್ರಿಗೆ ಒಂದು ಪ್ರತಿ. ಮೇಸ್ತ್ರಿಗೆ ಕೊಡುವುದು ಮರೆಯಬೇಡಿ. ಜನ ಮನೆ ಕಟ್ಟುವ ಮಾತನ್ನು ಮೊದಲು ಆಡುವುದು ಅವನ ಹತ್ತಿರ. ಅರ್ಜಿ ತುಂಬಲು ಬಾರದವರಿಗೆ ಕೂತು ತುಂಬಿಕೊಡಿ. ಬೇಲೂರು, ಹಳೇಬೀಡು 2023ರಲ್ಲಿ ವಿಶ್ವ ಪರಂಪರೆ ಪಟ್ಟಿಗೆ ಸೇರಿದ ಮೇಲೆ ಈ ಪ್ರಶ್ನೆಗಳು ಇನ್ನೂ ಹೆಚ್ಚಾಗಿವೆ. ಹೋಂ ಸ್ಟೇ ಮಾಡಬಹುದಾ, ಬೋರ್ಡ್ ಹಾಕಬಹುದಾ ಅಂತ. ‘ಗೊತ್ತಿಲ್ಲ, ಮೇಲಿನವರನ್ನು ಕೇಳಿ’ ಎಂದು ಸಾಗಹಾಕಬೇಡಿ.

ಅಮಾವಾಸ್ಯೆಯ ಮಾರನೇ ಬೆಳಿಗ್ಗೆ

ಕಾವಲುಗಾರರಿಲ್ಲದ ಹಾಳು ಗುಡಿ, ವೀರಗಲ್ಲು, ಹಳೇ ಕೋಟೆ, ಇವಕ್ಕೆ ಅಮಾವಾಸ್ಯೆ ರಾತ್ರಿ ನಿಧಿ ಕಳ್ಳರ ಕಾಟ. ನಿಂಬೆಹಣ್ಣು, ಕುಂಕುಮ, ಮೊಟ್ಟೆ, ಪಕ್ಕದಲ್ಲಿ ಮೂರಡಿ ಗುಂಡಿ. ನಂದಿ ಉರುಳಿಸಿರುತ್ತಾರೆ, ಲಿಂಗ ಎಬ್ಬಿಸಿರುತ್ತಾರೆ. ನಿಧಿ ಸಿಕ್ಕಿದ್ದನ್ನು ನಾನು ಒಂದು ಸಲವೂ ಕಂಡಿಲ್ಲ. ನೂರೈವತ್ತು ರೂಪಾಯಿ ಪೂಜಾ ಸಾಮಾನಿಗೆ ಎಂಟುನೂರು ವರ್ಷದ ನಂದಿಯ ಕಿವಿ ಹೋಗಿರುತ್ತದೆ, ಅಷ್ಟೇ.

ಸುದ್ದಿ ಬಂದ ಕೂಡಲೇ ಊರಿನವರಿಗೆ ಫೋನಿನಲ್ಲೇ ಹೇಳಿ: ಯಾರೂ ಗುಂಡಿಗೆ ಇಳಿಯಬೇಡಿ, ಮಣ್ಣು ಮುಚ್ಚಬೇಡಿ, ನಂದಿ ಎತ್ತಿ ಇಡಬೇಡಿ. ಭಕ್ತಿಯಿಂದ ಎತ್ತಿಡುತ್ತಾರೆ, ಹೆಜ್ಜೆ ಗುರುತು ಹೋಗುತ್ತದೆ. ನೀವು ಹೋಗಿ ಮೊದಲು ದೂರದಿಂದ, ಆಮೇಲೆ ಅಳತೆ ಕಡ್ಡಿ ಇಟ್ಟು ಹತ್ತಿರದಿಂದ ಫೋಟೊ ತೆಗೆಯಿರಿ. ಪೊಲೀಸ್ ದೂರು ಅವತ್ತೇ ಕೊಡಬೇಕು. ದೂರಿನಲ್ಲಿ ‘ಹಳೇ ಕಲ್ಲು’ ಎಂದು ಬರೆದರೆ ಅವರಿಗೂ ಹಳೇ ಕಲ್ಲೇ. ಎತ್ತರ, ಅಗಲ, ಏನು ಕೆತ್ತನೆ, ಯಾವ ಭಾಗ ಹೊಸದಾಗಿ ಒಡೆದಿದೆ, ಒಡೆದ ಜಾಗದ ಬಣ್ಣ ಹೇಗಿದೆ ಎಂದು ಬರೆಯಿರಿ. ಹಳೇ ಫೋಟೊ ಇದ್ದರೆ ಲಗತ್ತಿಸಿ. ವಿಗ್ರಹ ಕಾಣೆಯಾದಾಗ ಹಳೇ ಫೋಟೊ ಇಲ್ಲದಿದ್ದರೆ, ಅದು ಎಲ್ಲೋ ಸಿಕ್ಕರೂ ನಮ್ಮದೇ ಎಂದು ತೋರಿಸುವುದು ಕಷ್ಟ. ಮಹಜರು ಮುಗಿದ ಮೇಲೆ ಗುಂಡಿ ಮುಚ್ಚಿಸಿ. ತೆರೆದ ಗುಂಡಿ ಮುಂದಿನ ಕಳ್ಳನಿಗೆ ಆಹ್ವಾನ ಪತ್ರ.

ಹೊಲ ಉಳುವಾಗ, ಕೆರೆ ಹೂಳೆತ್ತುವಾಗ, ಕಾಫಿ ಗಿಡಕ್ಕೆ ಗುಂಡಿ ತೆಗೆಯುವಾಗ ಏನಾದರೂ ಸಿಕ್ಕರೆ ಜಿಲ್ಲಾಧಿಕಾರಿಗೆ ತಿಳಿಸಬೇಕು ಅನ್ನುವ ಕಾನೂನು 1878ರಿಂದ ಇದೆ. ಜನ ತಿಳಿಸದೆ ಇರುವುದು ದುರಾಸೆಗಲ್ಲ, ಹೆದರಿಕೆಗೆ. ಜಮೀನು ಹೋಗುತ್ತದೆ ಎಂದು. ಒಂದು ವೀರಗಲ್ಲು ಸಿಕ್ಕ ಮಾತ್ರಕ್ಕೆ ತೋಟ ಯಾರೂ ಕಿತ್ತುಕೊಳ್ಳುವುದಿಲ್ಲ ಎಂದು ಅವರ ಮನೆ ಜಗಲಿಯಲ್ಲಿ ಕೂತು ಹೇಳಬೇಕು. ಕನ್ನಡದ ಹಳೇ ಶಾಸನದ ಕಲ್ಲು ಸಿಕ್ಕ ಹಲ್ಮಿಡಿ ನಮ್ಮ ಬೇಲೂರು ತಾಲ್ಲೂಕಿನದೇ. 1936ರಲ್ಲಿ ಪುರಾತತ್ವಜ್ಞ ಎಂ.ಎಚ್. ಕೃಷ್ಣ ಅವರ ಕಣ್ಣಿಗೆ ಬೀಳುವವರೆಗೂ ಸುಮಾರು ಕ್ರಿ.ಶ. 450ರ ಆ ಕಲ್ಲು ಊರಿನಲ್ಲೇ ಇತ್ತಲ್ಲವಾ! ಈ ಕಥೆ ಹೇಳಿದರೆ ಜನ ತಮ್ಮ ಹಿತ್ತಲ ಕಲ್ಲನ್ನು ಒಮ್ಮೆ ತಿರುಗಿ ನೋಡುತ್ತಾರೆ.

ಅಕ್ಷರ ಇರುವ ಕಲ್ಲು ಸಿಕ್ಕರೆ ಬಳಪ, ವಿಭೂತಿ, ಅರಿಶಿನ ತುಂಬಿ ಓದಬೇಡಿ. ಸಂಜೆ ಕತ್ತಲಾಗುವಾಗ ಹೋಗಿ ಟಾರ್ಚನ್ನು ಪಕ್ಕದಿಂದ, ಕಲ್ಲಿಗೆ ಒರಗಿಸಿದ ಹಾಗೆ ಹಿಡಿಯಿರಿ. ಹಗಲು ಏನೂ ಕಾಣದ ಕಲ್ಲಿನಲ್ಲಿ ಸಾಲು ಸಾಲು ಎದ್ದು ಬರುತ್ತದೆ. ಆಮೇಲೆ ಅಚ್ಚು ತೆಗೆಯುವುದು. ಕಲ್ಲನ್ನು ಬರೀ ನೀರಲ್ಲಿ, ನಾರಿನ ಬ್ರಶ್ಶಿನಲ್ಲಿ ತೊಳೆದು, ಕಾಗದವನ್ನು ನೆನೆಸಿ ಮೇಲೆ ಹೊದಿಸಬೇಕು. ನಡುವಿನಿಂದ ಅಂಚಿಗೆ ಬ್ರಶ್ಶಿನಲ್ಲಿ ತಟ್ಟುತ್ತಾ ಹೋಗಬೇಕು, ಗುಳ್ಳೆ ಉಳಿಯದ ಹಾಗೆ. ಕಾಗದ ಅಕ್ಷರದ ಹೊಂಡದೊಳಗೆ ಇಳಿಯುತ್ತದೆ. ಮುಕ್ಕಾಲು ಒಣಗಿದಾಗ ಮಸಿ ಹತ್ತಿದ ಬಟ್ಟೆಯ ಉಂಡೆಯಲ್ಲಿ ಮೆತ್ತಗೆ ಒತ್ತಬೇಕು. ಹೊಂಡದಲ್ಲಿರುವ ಅಕ್ಷರ ಬೆಳ್ಳಗೆ ಉಳಿದು ಸುತ್ತ ಕಪ್ಪಾಗುತ್ತದೆ. ಬೇಗ ಮಸಿ ಹಚ್ಚಿದರೆ ಹರಡುತ್ತದೆ, ತಡ ಮಾಡಿದರೆ ಕಾಗದ ಎದ್ದುಬಿಡುತ್ತದೆ. ಮೊದಲ ಹತ್ತು ಹಾಳಾಗುತ್ತವೆ, ಪರವಾಗಿಲ್ಲ. ಊರಿನ ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ತಮ್ಮ ಊರಿನ ಹೆಸರು ಕಾಗದದ ಮೇಲೆ ಬೆಳ್ಳಗೆ ಮೂಡುವುದನ್ನು ಕಂಡ ಹುಡುಗ ಆ ಕಲ್ಲಿನ ಮೇಲೆ ತನ್ನ ಹೆಸರು ಕೆತ್ತುವುದಿಲ್ಲ. ಒಬ್ಬ ಕೆತ್ತಿದ. ಅವನ ಅಪ್ಪನ ಎದುರಿಗೆ ಹೇಳಿದೆ, ಈಗ ಅವನೇ ಬೇರೆಯವರನ್ನು ಗದರಿಸುತ್ತಾನೆ.

ನೋಟ್ ಪುಸ್ತಕ

ಪ್ರತಿ ಗುಡಿಗೆ ಒಂದು ನೋಟ್ ಪುಸ್ತಕ ಇಟ್ಟಿದ್ದೇನೆ. ಕಚೇರಿಯ ರಿಜಿಸ್ಟರ್ ಅಲ್ಲ, ನನ್ನದೇ, ಇನ್ನೂರು ಪುಟದ್ದು. ಬೀರುವಿನ ಕೆಳಗಿನ ಖಾನೆಯಲ್ಲಿವೆ. ಅದರಲ್ಲಿ ಫೋಟೊ ಎಲ್ಲಿ ನಿಂತು ತೆಗೆಯಬೇಕು ಎಂದು ಬರೆದಿದೆ: ಧ್ವಜಸ್ತಂಭದಿಂದ ಹನ್ನೆರಡು ಹೆಜ್ಜೆ ಪಶ್ಚಿಮಕ್ಕೆ, ಆ ತರ. ಒಂದೇ ಜಾಗದಿಂದ, ಒಂದೇ ಹೊತ್ತಿನಲ್ಲಿ ತೆಗೆದರೆ ಮಾತ್ರ ಎರಡು ವರ್ಷದ ಫೋಟೊ ಪಕ್ಕಪಕ್ಕ ಇಟ್ಟು ನೋಡಬಹುದು. ಚಂದದ ಫೋಟೊ ಬೇಡ. ಚಂದದ್ದನ್ನು ಪ್ರವಾಸಿಗರು ತೆಗೆಯುತ್ತಾರೆ.

ಹಸಿರು ರಟ್ಟಿನ ಪುಸ್ತಕದಲ್ಲಿ ಆ ಮೂರು ಆನೆಗಳಿವೆ. ತಂತಿ ಬ್ರಶ್ ಆಡಿದ ವರ್ಷದಿಂದ ಪ್ರತಿ ಜೂನ್ ಮೊದಲ ವಾರ ಒಂದೊಂದು ಫೋಟೊ. ಗೀರು ಇದ್ದ ಕಡೆ ಈಗ ಸಿಪ್ಪೆ ಏಳುತ್ತಿದೆಯಾ ಅನ್ನುವುದು ನನ್ನ ಅನುಮಾನ. ಎರಡು ವರ್ಷದಿಂದ ಸೊಂಡಿಲಿನ ತುದಿಯಲ್ಲಿ ಕೂದಲೆಳೆಯಷ್ಟು ಗೆರೆ ಕಾಣುತ್ತಿದೆ. ರಸಾಯನ ವಿಭಾಗಕ್ಕೆ ಬರೆದ ಪತ್ರದ ಪ್ರತಿ ಅದೇ ಪುಟದಲ್ಲಿ ಅಂಟಿಸಿದ್ದೇನೆ, ಉತ್ತರ ಬರಬೇಕಿದೆ. ಮುಂದಿನ ಜೂನ್ ಫೋಟೊ ನೀವು ತೆಗೆಯಬೇಕು. ಬೆಳಿಗ್ಗೆ ಏಳೂವರೆಗೆ ಹೋಗಿ, ಜೂನ್‌ನಲ್ಲಿ ಆ ಹೊತ್ತಿಗೆ ಆ ಗೋಡೆಗೆ ಓರೆ ಬಿಸಿಲು ಬೀಳುತ್ತದೆ. ಮೋಡ ಇದ್ದರೆ ಕಾಯಿರಿ. ಎದುರು ಮನೆಯ ಅಜ್ಜಿ ಕಾಫಿ ಕೊಡುತ್ತಾರೆ.